ನನ್ನನ್ನು ಬದುಕಿಸಿದ ಕೀರ್ತಿಯ ಬಗ್ಗೆ ವಿಟಮಿನ್ ಸಿ ಅವರಿಗೆ

ಮಾನ್ಯ ವಿಟಮಿನ್ ಸಿ ಅವರೇ,

ನಿಂಬೆ, ನೆಲ್ಲಿ, ಸೀಬೆಗಳಲ್ಲಿ ಸುಖವಾಗಿ ನೆಲೆಸಿರುವ ತಮಗೆ ಹರಿಹರದ ಭರಮಣ್ಣನ ಸಾಷ್ಟಾಂಗ ನಮಸ್ಕಾರಗಳು. ಈಚೆಗಷ್ಟೇ ದಾವಣಗೆರೆಯ ಆಸ್ಪತ್ರೆಯೊಂದರಿಂದ ಬದುಕಿ ಬಂದಿರುವುದರಿಂದ ಪೂರ್ತಿ ಬಗ್ಗಲು ಆಗುತ್ತಿಲ್ಲ, ಕ್ಷಮಿಸಬೇಕು.

ಮೂತ್ರದ ಸೋಂಕು ರಕ್ತಕ್ಕೇರಿ, ಬಿಪಿ ನೆಲಕಚ್ಚಿ, ನಾನು ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ, ಇಂಥ ರೋಗಿಗಳ ನರಕ್ಕೆ ತಮ್ಮನ್ನು ಏರಿಸಿದರೆ ಪವಾಡವಾಗುತ್ತದೆಂದು ನನ್ನ ಅತ್ತೆ ಮರುಳಸಿದ್ದಮ್ಮನವರು ಮೊಬೈಲಿನಲ್ಲಿ ಕೇಳಿ, ಡಾಕ್ಟರ್ ಸುಷ್ಮಾ ಅವರನ್ನು ಅಡ್ಡಗಟ್ಟಿದರಂತೆ. ಒಂದು ಕಾಲಕ್ಕೆ ತಮ್ಮ ಮೇಲೆ ಭಾರಿ ಭರವಸೆಯಿತ್ತೆಂದೂ, ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಪ್ರಯೋಜನ ಕಾಣಲಿಲ್ಲವೆಂದೂ, ಒಂದರಲ್ಲಂತೂ ಕೇಡೇ ಹೆಚ್ಚಾದಂತೆ ಕಂಡಿತೆಂದೂ ಡಾಕ್ಟರು ತಾಳ್ಮೆಯಿಂದಲೇ ತಿಳಿಸಿದರಂತೆ. ತಮಗೆ ಬೇಸರವಾಗಬಾರದು. ಅತ್ತೆಯವರಿಗಂತೂ ಆಗಲಿಲ್ಲ, ಅವರು ನೇರವಾಗಿ ಮಾರ್ಕೆಟ್ಟಿಗೆ ಹೋಗಿ ನಿಂಬೆಹಣ್ಣು ತಂದು, ಐಸಿಯು ಬಾಗಿಲಿಗೇ ನಿವಾಳಿಸಿ, ಕುಯ್ದು ಎರಡೂ ಬದಿಗೆ ಇಟ್ಟರು. ಕಾವಲಿನವರು ಬಂದು ಅದನ್ನು ಗುಡಿಸುವಷ್ಟರಲ್ಲಿ ನನ್ನ ಬಿಪಿ ಏರತೊಡಗಿತ್ತು.

ಆ್ಯಂಟಿಬಯಾಟಿಕ್, ಸಲೈನ್, ಬಿಪಿ ಎತ್ತುವ ಔಷಧಿ, ನಿದ್ದೆಗೆಟ್ಟ ನರ್ಸುಗಳು, ಇವರ್ಯಾರ ಹೆಸರೂ ಈಗ ನಮ್ಮ ಬೀದಿಯಲ್ಲಿ ಕೇಳಿಬರುವುದಿಲ್ಲ. ಮುಚ್ಚಿದ ಗಾಜಿನ ಬಾಗಿಲು ದಾಟಿ, ನನ್ನ ಚರ್ಮ ದಾಟಿ, ಯಾರ ಅಪ್ಪಣೆಯೂ ಇಲ್ಲದೆ ರಕ್ತ ಸೇರಿದ ತಮ್ಮ ಸಾಮರ್ಥ್ಯವೇ ಎಲ್ಲರ ಬಾಯಲ್ಲಿ. ಆ ಕೀರ್ತಿಯನ್ನು ತಾವೇ ಇಟ್ಟುಕೊಳ್ಳಿ ಎನ್ನುತ್ತಿದ್ದೆ, ನನ್ನ ಭಾಮೈದ ಗುರುಮೂರ್ತಿಯ ಕಥೆ ಹೀಗಾಗದಿದ್ದರೆ.

ನಂದಿಗುಡಿಯ ಗದ್ದೆಯಲ್ಲಿ ಅವನ ಪಾದಕ್ಕೆ ಸಲಿಕೆ ತಗುಲಿ, ಗಾಯ ಕೀವಾಗಿ, ಕಾಲು ಮೊಣಕಾಲಿನವರೆಗೆ ಊದಿದೆ. ಚಳಿಜ್ವರದಲ್ಲಿ ನಡುಗುತ್ತಾ ನಿಂಬೆ ಶರಬತ್ತು ಕುಡಿಯುತ್ತಿದ್ದಾನೆ. ಆಸ್ಪತ್ರೆಗೆ ನಡಿ ಎಂದು ಫೋನಿನಲ್ಲಿ ಗೋಗರೆದರೆ, "ಭಾವ, ನಿಮ್ಮನ್ನ ಬದುಕ್ಸಿದ್ದು ನಿಂಬೆಹಣ್ಣು. ಅದು ನಮ್ಮನ್ಯಾಗೂ ಐತಲ್ಲ, ಆಸ್ಪತ್ರೆ ಯಾಕ ಬೇಕ್ರಿ?" ಎನ್ನುತ್ತಾನೆ. ನನಗೆ ನಿಜಕ್ಕೂ ಭಯವಾಗಿದೆ. ನನಗೂ ಶುರುವಾದದ್ದು ಇದೇ ನಡುಕದಿಂದ.

ಆದ್ದರಿಂದ ತಾವು ದಯಮಾಡಿ ಹರಿಹರದಲ್ಲಿ ನಂದಿಗುಡಿ ಬಸ್ಸು ಹತ್ತಿ, ಸೀಟು ಸಿಗದಿದ್ದರೆ ನಿಂತುಕೊಂಡಾದರೂ ಹೋಗಿ, ಅವನ ಲೋಟದಿಂದ ತಲೆ ಹೊರಹಾಕಿ, ಭರಮಣ್ಣನನ್ನು ಬದುಕಿಸಿದ್ದು ತಾವಲ್ಲವೆಂದು ಸ್ವಂತ ಬಾಯಿಂದ ಹೇಳಬೇಕು. ಧೈರ್ಯವಿದ್ದರೆ ಅತ್ತೆಯವರ ಎದುರಿಗೇ ಹೇಳಬೇಕು.

ತಮ್ಮಿಂದ ಬದುಕದಿದ್ದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಭರಮಣ್ಣ, ಹರಿಹರ

ವಿ.ಸೂ.: ತಮ್ಮ ದಾರಿ ಕಾಯಲಾಗಲಿಲ್ಲ. ನಾನೇ ಕಾರು ಮಾಡಿಕೊಂಡು ಹೋಗಿ, ಅತ್ತೆಯವರಿಗೆ ಕೈಮುಗಿದು, ಗುರುಮೂರ್ತಿಯನ್ನು ದಾವಣಗೆರೆಗೆ ಸಾಗಿಸಿದೆ. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತೆಂದು ಡಾಕ್ಟರು ಗದರಿದರು. ಕಾಲೂ ಉಳಿಯಿತು, ಪ್ರಾಣವೂ ಉಳಿಯಿತು. ಆಸ್ಪತ್ರೆ ಮುಟ್ಟುವವರೆಗೆ ಮಗನ ಜೀವ ಹಿಡಿದಿಟ್ಟಿದ್ದು ಶರಬತ್ತೇ ಎಂದು ಅತ್ತೆಯವರು ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೇಳುತ್ತಿದ್ದಾರೆ. ಪಕ್ಕದ ಹಾಸಿಗೆಯವರು ಆಗಲೇ ಡಿಸ್ಚಾರ್ಜ್ ಕೇಳುತ್ತಿದ್ದಾರೆ. ತಾವು ಬೇಗ ಬರಬೇಕು.