ನಿರಾಕಾರನ ಜಳಕ

ಗಾಳೇಶನಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಚಳಿಯ ಮೇಲೆ. ಹೆಂಡತಿ ರೇಣುಕಮ್ಮನ ಕಾನೂನು ಗಟ್ಟಿ: ಮೊದಲು ಗಂಡನ ಜಳಕ, ಆಮೇಲೆ ಜಗುಲಿಯ ಮೇಲಿನ ಹಿತ್ತಾಳೆ ದೇವರುಗಳ ಜಳಕ, ಅದೆಲ್ಲ ಮುಗಿದರೇ ಚಹಾ. ಹನುಮಸಾಗರದ ಥಂಡಿಯಲ್ಲಿ ತಂಬಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು.

ಹಿಂದಿನ ಸಂಜೆ ಮಠದ ಪ್ರವಚನದಲ್ಲಿ ಅವನು ಅರ್ಧ ನಿದ್ದೆ ಹೊಡೆದಿದ್ದ. ಎಚ್ಚರವಿದ್ದ ಅರ್ಧದಲ್ಲಿ ಬಿದ್ದ ಮಾತನ್ನು ಈಗ ಕಂಬಳಿಯೊಳಗಿಂದಲೇ ಹೊರಬಿಟ್ಟ.

“ರೇಣುಕಾ, ದೇವರಿಗೆ ಆಕಾರನ ಇಲ್ಲ. ಮೈನ ಇಲ್ಲದಾವಗ ಜಳಕ ಎಲ್ಲಿಂದು? ಆ ಹಿತ್ತಾಳಿ ದೇವರ್ನ ಪೆಟಿಗ್ಯಾಗ ಇಡು. ಇನ್ನ ಈ ಮನ್ಯಾಗ ನಿರಾಕಾರ ಭಕ್ತಿ. ಚಾ ತಾ.”

“ಆಕಾರ ಇಲ್ಲಂದ್ರ ಎಲ್ಲಿರ್ತಾನ್ರಿ?” ದೇವರುಗಳನ್ನು ಪೆಟ್ಟಿಗೆಯೊಳಗೆ ಇಡುತ್ತ ರೇಣುಕಮ್ಮ ಶಾಂತವಾಗಿ ಕೇಳಿದಳು.

ಅಷ್ಟರಲ್ಲಿ ಪಕ್ಕದ ಮನೆಯ ಪಾರಮ್ಮ ಹೆಪ್ಪಿಗೆ ಮೊಸರು ಕೇಳಲು ಬಂದಳು. ಎದುರುಮನೆಯ ಹುಲಿಗೆಪ್ಪಜ್ಜ ಸುಮ್ಮನೆ ಬಂದ, ಅವನಿಗೆ ಕಾರಣ ಬೇಕಿರಲಿಲ್ಲ. ಕೇಳುವವರು ಸಿಕ್ಕರೆ ಗಾಳೇಶ ಬಿಡುವವನೇ? ಕಂಬಳಿ ಹೊದ್ದುಕೊಂಡೇ ಸ್ವಾಮಿಯಾದ.

“ಎಲ್ಲಾ ಕಡೆ ತುಂಬ್ಯಾನ!”

“ಒಳಕಲ್ಲಿನ್ಯಾಗ?” ಅಜ್ಜ ಕೇಳಿದ.

“ಅದಾನ.”

“ನಿಮ್ಮ ಎಮ್ಮಿಯೊಳಗ?” ಪಾರಮ್ಮ ಬಾಯಿ ಬಿಟ್ಟಳು.

“ಕೋಡಿನಿಂದ ಬಾಲದ ತನಕ ಅದಾನ!”

ರೇಣುಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಚಹಾ ಬಂತೆಂದು ಗಾಳೇಶ ಕೈ ಚಾಚಿದರೆ ಕೈಗೆ ಬಂದದ್ದು ಬಕೆಟ್ಟು.

“ಜಗುಲಿ ಮ್ಯಾಲಿದ್ದಾಗ ಜಗುಲಿ ತೊಳದ್ರ ಸಾಕಿತ್ರಿ. ಎಲ್ಲಾ ಕಡೆ ಅದಾನಂದ್ರ ಎಲ್ಲಾ ತೊಳೀಬೇಕಲ್ರಿ. ದೇವರ ಜಳಕ ಆಗಲಾರದ ನಾ ಚಾ ಇಡಾಕಿಲ್ಲ.”

“ಖರೇ ಮಾತು,” ಎಂದು ಅಜ್ಜ ಗೋಡೆಗೆ ಒರಗಿ ಕುಳಿತ.

ನಿನ್ನೆ ನಲ್ಲಿ ಬಂದಾಗ ತುಂಬಿಸಿಟ್ಟ ಟಾಕಿಯಿಂದ ಗಾಳೇಶ ನೀರು ಹೊತ್ತ. ಒಲೆ ತೊಳೆದ, ಒಳಕಲ್ಲು ತಿಕ್ಕಿದ, ಗೋಡೆಗೆ ಎರಚಿದ. “ಆ ಮೂಲ್ಯಾಗಿನ ದೇವರು ಒಣಗೇ ಉಳದಾನ ನೋಡೋ,” ಎಂದು ಅಜ್ಜ ಕೂತಲ್ಲಿಂದಲೇ ಬೆರಳು ತೋರಿಸಿದ. ಎಮ್ಮೆಗೆ ಮಾತ್ರ ಈ ಭಕ್ತಿ ಸೇರಲಿಲ್ಲ, ಸರಿಯಾಗಿ ಒಂದು ಒದೆ ಕೊಟ್ಟಿತು.

“ದೇವರು ಒದ್ರ ಪುಣ್ಯ ಬಿಡ್ರಿ!” ಎಂದಳು ಪಾರಮ್ಮ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಯ್ಯೋ ಸುಖವೇ, ಶುಂಠಿ ಚಹಾದ ವಾಸನೆ ಬಂತು. ಅಜ್ಜನಿಗೊಂದು ಕಪ್ಪು, ಪಾರಮ್ಮನಿಗೊಂದು ಕಪ್ಪು. ಮೂರನೆಯದಕ್ಕೆ ಗಾಳೇಶ ಕೈ ಹಾಕಿದ. ರೇಣುಕಮ್ಮ ಹಿಂದೆಳೆದಳು.

“ನಿಮ್ಮೊಳಗ ದೇವರು ಅದಾನೋ ಇಲ್ಲೋ?”

ಇಲ್ಲವೆಂದರೆ ಹಿತ್ತಾಳೆ ದೇವರುಗಳು ಪೆಟ್ಟಿಗೆಯಿಂದ ಎದ್ದು ಬರುತ್ತಾರೆ. “ಅದಾನ,” ಎಂದ ಸಣ್ಣ ದನಿಯಲ್ಲಿ.

“ಆ ದೇವರ ಜಳಕ ಎಲ್ಲಿ ಆಗೇತ್ರಿ?”

“ಪೂರಾ ತೊಯ್ದೀನಲ್ಲ!”

“ಅದು ಎಮ್ಮಿ ತೊಳದ ನೀರ್ರಿ.”

“ನಮ್ಮ ದೇವರ ಜಳಕ ಮುಂಜಾನೇನ ಆಗೇತಪಾ,” ಎಂದ ಅಜ್ಜ, ಯಾರೂ ಕೇಳದಿದ್ದರೂ.

“ಆತು ಬಿಡು, ಮಾಡ್ತೀನಿ!” ಗಾಳೇಶ ಹಲ್ಲು ಕಚ್ಚಿ ಅಂಗಳಕ್ಕೆ ಹೋಗಿ ಟಾಕಿಯೊಳಗೆ ತಂಬಿಗೆ ಇಳಿಸಿದ. ತಂಬಿಗೆ ತಳಕ್ಕೆ ಬಡಿದು ಠಣ್ ಎಂದಿತು.

“ಇನ್ನ ನಲ್ಲಿ ಬರೂದು ನಾಡಿದ್ದ,” ಎನ್ನುತ್ತ ಅಜ್ಜ ಮೂರನೆಯ ಕಪ್ಪಿಗೂ ಕೈ ಹಾಕಿದ. “ಅಲ್ಲೀತನಕ ಇದು ಆರಿ ಹೊಕ್ಕೈತಿ, ಪಾಪ. ಇದರಾಗೂ ದೇವರದಾನ.”