ಐದರಲ್ಲಿ ಐದು ಕಳೆದರೆ

ಮೂವತ್ತೊಂದು ಫಾರಂಗಳು, ಅರವತ್ತೆರಡು ಪೆನ್ಸಿಲ್ ಗುರುತುಗಳು, ಎಲ್ಲವೂ ಐದನೇ ಚೌಕದಲ್ಲಿ. ಅಂಕಿಗಳು ಸುಳ್ಳು ಹೇಳುವುದಿಲ್ಲವೆಂದು ನಂಬಿ ಸಂಖ್ಯಾಶಾಸ್ತ್ರ ಓದಿದವಳು ನಾನು. ಮನುಷ್ಯರೊಂದಿಗೆ ಹೆಚ್ಚು ಮಾತಾಡಬೇಕಾಗಿಲ್ಲ ಎಂಬುದೂ ಆ ವಿಷಯ ಆರಿಸಿಕೊಳ್ಳಲು ಒಂದು ಕಾರಣ. ಇದನ್ನು ಮನೆಯಲ್ಲಿ ಹೇಳಿಲ್ಲ.

ಈಗ ಸೌದಿಯ ಯಾನ್ಬು ಪಟ್ಟಣದ ಒಂದು ವಕ್ಫ್ ಕಚೇರಿಯಲ್ಲಿ, ದಾನದ ಬಲದಿಂದ ನಡೆಯುವ ಉದ್ಯಮಗಳು ಜನರ ಬದುಕನ್ನು ಎಷ್ಟು ಬದಲಿಸಿವೆ ಎಂದು ಅಳೆಯುವುದು ನನ್ನ ಕೆಲಸ. ಈ ಸಲ ಪಾಲಿಗೆ ಬಂದದ್ದು ಒಂದು ಅಡುಗೆಮನೆ. ಗಂಡನನ್ನೋ ಗಂಡನ ಕೆಲಸವನ್ನೋ ಕಳೆದುಕೊಂಡ ಹೆಂಗಸರು ಅಲ್ಲಿ ರಿಫೈನರಿಯ ಕೆಲಸಗಾರರಿಗೆ ಮಧ್ಯಾಹ್ನದ ಊಟ ಬೇಯಿಸುತ್ತಾರೆ. ಇಲ್ಲಿಗೆ ಸೇರುವ ಮುಂಚೆ ಬದುಕು ಹೇಗಿತ್ತು, ಈಗ ಹೇಗಿದೆ, ಐದರಲ್ಲಿ ಎಷ್ಟು ಎಂದು ಒಬ್ಬೊಬ್ಬರನ್ನೂ ಕೇಳಿ ಗುರುತು ಹಾಕಿಕೊಂಡೆ. ಆಗಲೂ ಅಲ್ಹಮ್ದುಲಿಲ್ಲಾ, ದೇವರಿಗೆ ಸ್ತುತಿ, ಐದು. ಈಗಲೂ ಅಲ್ಹಮ್ದುಲಿಲ್ಲಾ, ಐದು. ಐದರಲ್ಲಿ ಐದು ಕಳೆದರೆ ಏನುಳಿಯುತ್ತದೆಂದು ತಿಳಿಯಲು ಸ್ನಾತಕೋತ್ತರ ಪದವಿ ಬೇಡ. ವ್ಯತ್ಯಾಸ ಕಾಣದಿದ್ದರೆ ಬರುವ ವರ್ಷ ಅಡುಗೆಮನೆಗೆ ಬೀಗ ಎಂದು ನನ್ನ ಮೇಲಧಿಕಾರಿ, ಬಹಳ ಮೆಲುದನಿಯ ಮನುಷ್ಯ, ಖರ್ಜೂರದ ತಟ್ಟೆಯನ್ನು ನನ್ನತ್ತ ಸರಿಸುತ್ತಲೇ ಹೇಳಿದರು. ವರದಿ ಮರುದಿನವೇ ಬೇಕಿತ್ತು.

ಮತ್ತೆ ಅಡುಗೆಮನೆಗೆ ಓಡಿದೆ. ಉಳ್ಳಾಲದ ಮೈಮುನಾ ಆಂಟಿ ಈರುಳ್ಳಿ ಹೆಚ್ಚುತ್ತಿದ್ದರು. ಅವರ ಗಂಡ ಸೊಂಟ ಮುರಿದುಕೊಂಡು ಒಂದೂವರೆ ವರ್ಷ ಮಲಗಿದ್ದು, ಈ ದೇಶದಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿ ಮುಗಿಯುವ ದಿನ ಎಣಿಸುತ್ತ ಇವರು ಮಕ್ಕಳಿಗೆ ಎರಡು ಹೊತ್ತೂ ಬರೀ ಗಂಜಿ ಕೊಟ್ಟಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಆ ಬದುಕಿಗೆ ಐದು ಹೇಗೆ ಆಂಟಿ, ಎರಡು ಅಂತ ಹಾಕಲಾ ಎಂದು, ವಿಶ್ವವಿದ್ಯಾಲಯ ಕಲಿಸಿದ ನಿಯಮಗಳನ್ನೆಲ್ಲ ಮುರಿದು, ಉತ್ತರವನ್ನು ನಾನೇ ಅವರ ಬಾಯಿಗಿಟ್ಟೆ.

"ಕಷ್ಟ ಇತ್ತು ಮಗಳೇ, ಇಲ್ಲ ಅಂತ ನಾನು ಹೇಳ್ಲಿಲ್ಲ," ಎಂದರು. "ಆದ್ರೆ ಅಲ್ಲಾಹು ಕೊಟ್ಟದ್ದಕ್ಕೆ ಮಾರ್ಕು ಕಡಿಮೆ ಮಾಡ್ಲಿಕ್ಕೆ ನಾನು ಯಾರು? ನೀನಾದ್ರೆ ಓದಿದವಳು."

ಅಡುಗೆಮನೆ ಮುಚ್ಚಬಹುದು ಎಂಬುದನ್ನೂ ಹೇಳಿಬಿಟ್ಟೆ. ಆಂಟಿ ಇನ್ನೊಂದು ಈರುಳ್ಳಿ ಕೈಗೆತ್ತಿಕೊಂಡರು.

"ಮುಚ್ಚಿದ ಮೇಲೆ ಬಂದು ಕೇಳು. ಆಗ್ಲೂ ಐದೇ ಹೇಳುದು ನಾನು. ಎಂತ ಮಾಡುದು ಮಾರಾಯ್ತಿ."

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋಗಿ, ಆಂಟಿಯ ಫಾರಂ ತೆಗೆದು, ಮೊದಲ ಐದನ್ನು ಅಳಿಸಿ ಎರಡರ ಚೌಕದಲ್ಲಿ ಗುರುತು ಹಾಕಿದೆ. ಇನ್ನೂ ಮೂವತ್ತು ಫಾರಂಗಳು ಉಳಿದಿದ್ದವು. ಮುಂದಿನದಕ್ಕೆ ಕೈ ಏಳಲಿಲ್ಲ. ಹಾಕಿದ್ದನ್ನು ಅಳಿಸಿ ಮತ್ತೆ ಐದೇ ಮಾಡಿದೆ. ಉಜ್ಜಿ ಉಜ್ಜಿ ಕಾಗದ ಹರಿಯಿತು. ಹಾಗೆಯೇ ಕಟ್ಟನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟು ಬಂದೆ. ಮೂವತ್ತೊಂದರಲ್ಲಿ ಬದಲಾವಣೆ ಕಾಣುವುದು ಆ ಹರಿದ ಫಾರಂ ಒಂದರಲ್ಲೇ, ಅದನ್ನೂ ಮಾಡಿದವಳು ನಾನು.