ಭುಜಕ್ಕೆ ಗ್ರೇಸ್ ಮಾರ್ಕ್ಸ್

ಮಾರ್ಕ್ಸ್ ಕೊಡುವುದರಲ್ಲಿ ನನ್ನಷ್ಟು ಜುಗ್ಗಿ ಇನ್ನೊಬ್ಬಳಿರಲಿಲ್ಲ ಎಂದು ಕೃಷ್ಣಮೂರ್ತಿಪುರಂನ ಅರ್ಧ ಜನ ಹೇಳಿಯಾರು. ಉಳಿದರ್ಧ ನನ್ನ ಹತ್ತಿರ ಗಣಿತ ಕಲಿಯದ ಪುಣ್ಯವಂತರು. ಪಾಸಾಗಲು ಒಂದೇ ಒಂದು ಅಂಕ ಕಡಿಮೆ ಬಿದ್ದ ಮಗುವಿಗೂ ನಾನು ಗ್ರೇಸ್ ಮಾರ್ಕ್ಸ್ ಕೊಟ್ಟವಳಲ್ಲ. ಇಂಥವಳು ರಿಟೈರಾದ ಮೇಲೆ ತನ್ನ ನೋವಿಗೇ ಮಾರ್ಕ್ಸ್ ಹಾಕುತ್ತಾ ಕೂರಬೇಕಾಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನವರಾತ್ರಿಗೆ ಮುಂಚೆ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಸಲು ಹೋಗಿ ಬಲಭುಜದ ಸ್ನಾಯು ಹರಿದುಕೊಂಡೆ. ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನಮ್ಮ ಯಜಮಾನರನ್ನು ಕೂರಿಸಿಕೊಂಡು ಪಾಠ ಮಾಡಿದರು. ಮಾಮೂಲಿ ನೋವಿನ ಮಾತ್ರೆ ಹೊತ್ತುಹೊತ್ತಿಗೆ ಕೊಡಿ, ಭುಜಕ್ಕೆ ತಣ್ಣನೆಯದೇನಾದರೂ ಇಡಿ. ಈ ಇನ್ನೊಂದು ಸ್ಟ್ರಿಪ್ಪಿನಲ್ಲಿರುವ ಹತ್ತು ಮಾತ್ರೆ ಅಫೀಮಿನ ವಂಶದವು, ರೂಢಿಯಾದರೆ ಬಿಡುವುದು ಕಷ್ಟ, ನೋವು ಹತ್ತಕ್ಕೆ ಎಷ್ಟು ಎಂದು ಇವರನ್ನೇ ಕೇಳಿ, ಏಳು ದಾಟಿದರೆ ಮಾತ್ರ ಕೊಡಿ, ಮಿಕ್ಕಿದ್ದನ್ನು ವಾಪಸು ತನ್ನಿ, ಎಂದರು. ಸ್ಟ್ರಿಪ್ಪೂ ಅದನ್ನಿಡುವ ಬೀರುವೂ ಯಜಮಾನರ ವಶಕ್ಕೆ ಹೋದವು. ಮದುವೆಯಾದಾಗಿನಿಂದ ಬೀರುವಿನ ಬೀಗದ ಕೈಯನ್ನೂ ಕಂಡಿರದ ಮನುಷ್ಯನಿಗೆ ಒಮ್ಮೆಲೇ ಅಧಿಕಾರ ಬಂತು.

ಮೊದಲೆರಡು ದಿನ ನೋವು ನಿಜವಾಗಿಯೂ ಎಂಟಿತ್ತು. ದಿನಕ್ಕೊಂದರಂತೆ ಎರಡು ಮಾತ್ರೆ ನುಂಗಿದೆ. ಆ ಸುಖವನ್ನು ಏನೆಂದು ಹೇಳಲಿ! ನೋವಿನ ಜೊತೆಗೆ ನನ್ನ ಕೋಪವೂ ಇಳಿದುಹೋಯಿತು. ವಿಜಯನಗರದ ನಾದಿನಿಯ ಜೊತೆ ಒಂದು ಸೀರೆಯ ವಿಷಯಕ್ಕೆ ಎರಡು ವರ್ಷದಿಂದ ಮಾತು ಬಿಟ್ಟಿದ್ದೆ. ಅವಳಿಗೆ ಫೋನ್ ಮಾಡಿ, ಏಳೇಳು ಜನ್ಮಕ್ಕೂ ನೀನೇ ನಾದಿನಿಯಾಗಬೇಕು ಎಂದೆನಂತೆ. ಅವಳು ಗಾಬರಿಬಿದ್ದು ಅಣ್ಣನಿಗೆ ಫೋನ್ ಮಾಡಿ, ಆಪರೇಷನ್ ಆದದ್ದು ಭುಜಕ್ಕೆ ತಾನೇ ಎಂದು ವಿಚಾರಿಸಿದಳು.

ನಾಲ್ಕನೆಯ ದಿನದ ಹೊತ್ತಿಗೆ ನೋವು ನಾಲ್ಕಕ್ಕೆ ಇಳಿದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಊಟವಾದ ಮೇಲೆ ಯಜಮಾನರು ಎಷ್ಟು ಎಂದು ಕೇಳಿದಾಗ ಬಾಯಿಗೆ ಬಂದದ್ದು ಎಂಟು. ಒಂದಂಕಕ್ಕೆ ಮಕ್ಕಳನ್ನು ಅಳಿಸಿದವಳು ನನ್ನ ಭುಜಕ್ಕೆ ನಾಲ್ಕು ಗ್ರೇಸ್ ಮಾರ್ಕ್ಸ್ ಕೊಟ್ಟುಕೊಂಡೆ. ನೋವಿಗಲ್ಲ, ಆ ಸುಖದ ಆಸೆಗೆ.

ಅವರು ಕೂತಲ್ಲಿಂದ ಏಳಲಿಲ್ಲ. "ಎಂಟಿದ್ದಾಗ ನಿಂಗೆ ಬಾಯೇ ಬಿಡಕ್ಕಾಗ್ತಿರ್ಲಿಲ್ಲ ಕಣೇ. ಈಗ್ತಾನೆ ಸಾರಿಗೆ ಉಪ್ಪು ಜಾಸ್ತಿ ಅಂತ ಹತ್ತು ನಿಮಿಷ ಬೈದಿದೀಯ. ನಿಜ ಹೇಳ್ಬುಡು," ಎಂದರು.

ನಾಚಿಕೆಯಾಯಿತು. ಹೆದರಿಕೆಯೂ ಆಯಿತು. "ನಾಲ್ಕು ಕಣ್ರೀ. ಆದ್ರೂ ಅದು ಬೇಕು ಅನ್ನಿಸ್ತಿದೆ," ಎಂದೆ.

ಅವರು ಬೈಯಲಿಲ್ಲ. ಫ್ರೀಜರಿನಲ್ಲಿದ್ದ ಹಿತಕಿದ ಅವರೆಕಾಳಿನ ಪೊಟ್ಟಣವನ್ನು ಬಟ್ಟೆಯಲ್ಲಿ ಸುತ್ತಿ ಭುಜದ ಮೇಲಿಟ್ಟರು. ಪಕ್ಕದಲ್ಲೇ ಕೂತು, ನಾನು ಅವರ ತಂಗಿಗೆ ಹೇಳಿದ್ದನ್ನೆಲ್ಲ ನನ್ನದೇ ದನಿಯಲ್ಲಿ ಅಭಿನಯಿಸಿ ತೋರಿಸಿದರು. ನಕ್ಕು ನಕ್ಕು ಭುಜ ಕುಲುಕಿ ನೋವು ಐದಕ್ಕೆ ಏರಿತು. ಮಾತ್ರೆಯ ನೆನಪು ಮಾತ್ರ ಬರಲಿಲ್ಲ. ಮರುದಿನವೂ ಹಾಗೇ ಕಳೆಯಿತು, ಅದರ ಮರುದಿನವೂ.

ಹತ್ತನೆಯ ದಿನ ಬೆಳಿಗ್ಗೆ ಅವರು ನನ್ನ ಜಡೆ ಹೆಣೆಯುತ್ತಿದ್ದರು. ಕೈ ಜೋಲಿಯಲ್ಲಿರುವವಳಿಗೆ ಇನ್ಯಾರು ಹೆಣೆದಾರು? ಹೆಣಿಗೆ ಸೊಟ್ಟಗಿತ್ತು, ಬಿಸಿಲು ಹಿತವಾಗಿತ್ತು, ನನಗೆ ಕಾರಣವಿಲ್ಲದೆ ಬಹಳ ಸಂತೋಷವಾಯಿತು. "ನಿಮ್ಮಂಥೋರು ಸಿಕ್ಕಿದ್ದು ನನ್ ಪುಣ್ಯ ಕಣ್ರೀ," ಎಂದೆ, ಪೂರ್ತಿ ಎಚ್ಚರದಲ್ಲೇ.

ಬೆನ್ನ ಹಿಂದೆ ಬೆರಳುಗಳು ನಿಂತವು. ಅವರು ಬಾಚಣಿಗೆ ಕೆಳಗಿಟ್ಟು, ಒಳಗೆ ಹೋಗಿ, ಬೀರು ತೆಗೆದು ಮಾತ್ರೆ ಎಣಿಸಿದರು. ಎಂಟೂ ಇದ್ದವು. ನಂಬಿಕೆ ಬರದೆ ಇನ್ನೊಮ್ಮೆ ಎಣಿಸಿದರು. ತಪ್ಪು ಅವರದಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಮಾತನ್ನು ಮೊದಲ ಸಲ ಕೇಳಿದ ಯಾರಾದರೂ ಎಣಿಸಿಯೇ ನೋಡುತ್ತಾರೆ.